ಮೀನಿನ ಕಣ್ಣಿಗೆ ಮೀನು ಕಟ್ಟುವ ವಿದ್ಯೆ

ಒಂದು ಉಕ್ಕಿನ ಕೊಕ್ಕೆ, ಜಿಂಕೆ ಬಾಲದ ಚಿಟಿಕೆ ಕೂದಲು, ಮಿನುಗುವ ನಾಲ್ಕಾರು ಪ್ಲಾಸ್ಟಿಕ್ ಎಳೆ, ಒಂದಿಷ್ಟು ನೂಲು. ಇದರಲ್ಲಿ ಮಾಂಸವಿಲ್ಲ, ರುಚಿಯಿಲ್ಲ. ಆದರೂ ಅಟ್ಲಾಂಟಿಕ್ ತೀರದ ಸ್ಟ್ರೈಪ್ಡ್ ಬಾಸ್ ಮೀನು ಇದನ್ನು ಬೇಟೆಯೆಂದೇ ನಂಬಿ ಬಾಯಿ ಹಾಕುತ್ತದೆ. ಏಕೆ? ಅಮೆರಿಕದ ಪೂರ್ವ ಕರಾವಳಿಯ ಮೀನುಗಾರಿಕೆ ಕ್ಲಬ್ಬುಗಳಲ್ಲಿ ಚಳಿಗಾಲದ ಸಂಜೆ ಮೇಜಿನ ಸುತ್ತ ಕೂತು ‘ಫ್ಲೈ’ ಎಂಬ ಈ ಹುಸಿ ಬೇಟೆಯನ್ನು ಕಟ್ಟಲು ಕಲಿಯುವವರು ಈ ಪ್ರಶ್ನೆಗೆ ಬೆರಳ ತುದಿಯಲ್ಲೇ ಉತ್ತರ ಹುಡುಕುತ್ತಾರೆ.

ಸಿಹಿನೀರಿನ ಫ್ಲೈ ಬಹುಮಟ್ಟಿಗೆ ಕೀಟದ ಅನುಕರಣೆ. ಕಡಲಿನ ಬೇಟೆಗಾರ ಮೀನುಗಳಿಗೆ ಬೇಕಾದದ್ದು ಮರಿಮೀನು, ಸೀಗಡಿ, ಏಡಿ. ಹೊಸಬರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಕ್ಲೌಸರ್ ಮಿನ್ನೊ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗೆಂದು ರೂಪಿಸಿದ ಇದು ಈಗ ಕಡಲಲ್ಲೂ ಮನೆಮಾತು.

ಇದರ ಗುಟ್ಟಿರುವುದು ಡಂಬೆಲ್ ಆಕಾರದ ಲೋಹದ ಕಣ್ಣಿನಲ್ಲಿ. ಅದನ್ನು ಕೊಕ್ಕೆಯ ದಂಡದ ಬೆನ್ನ ಮೇಲೆ, ಮುಂತುದಿಯಿಂದ ತುಸು ಹಿಂದೆ, ಎಂಟರ ಆಕಾರದಲ್ಲಿ ನೂಲು ಸುತ್ತಿ ಬಿಗಿಯುತ್ತಾರೆ. ಮೇಲಿನ ಭಾರ ನೀರಿನಲ್ಲಿ ಕೆಳಗೆ ಬರಲೇಬೇಕು. ಹಾಗಾಗಿ ಫ್ಲೈ ಮಗುಚಿ ಕೊಕ್ಕೆಯ ಮೊನೆ ಮೇಲಾಗುತ್ತದೆ. ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಭಾರವೆಲ್ಲ ಮುಂದಿರುವುದರಿಂದ ಎಳೆದಾಗ ತಲೆ ಏಳುತ್ತದೆ, ಬಿಟ್ಟಾಗ ಮುಗ್ಗರಿಸಿ ಇಳಿಯುತ್ತದೆ. ಗಾಯಗೊಂಡ ಮರಿಮೀನು ಈಜುವುದೂ ಹೀಗೆಯೇ.

ಕೂದಲ ಆಯ್ಕೆಯಲ್ಲೂ ಲೆಕ್ಕಾಚಾರವಿದೆ. ಜಿಂಕೆ ಬಾಲದ ಬುಡದ ಕೂದಲು ಹೆಚ್ಚು ಟೊಳ್ಳು; ನೂಲು ಬಿಗಿದೊಡನೆ ಪೊರಕೆಯಂತೆ ಕೆದರಿಕೊಳ್ಳುತ್ತದೆ. ತುದಿಯ ಕಡೆಯದು ತೆಪ್ಪಗೆ ಮಲಗುತ್ತದೆ. ನೂಲು ಸಡಿಲಾದರೆ ಕೂದಲು ಜಾರುತ್ತದೆ, ಬಿಗಿ ಅತಿಯಾದರೆ ನೂಲೇ ತುಂಡಾಗುತ್ತದೆ. ಈ ಹದ ಪುಸ್ತಕದಿಂದ ಬರುವುದಿಲ್ಲ. ಪಕ್ಕದಲ್ಲಿ ಕೂತ ಅನುಭವಿಯ ಕೈ ನೋಡಿಯೇ ಕಲಿಯಬೇಕು.

ಇನ್ನು ಬಣ್ಣ. ನಿಜವಾದ ಮೀನಿನಂತೆಯೇ ಹೊಟ್ಟೆಗೆ ಬಿಳಿ, ಬೆನ್ನಿಗೆ ಗಾಢ ಬಣ್ಣ. ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ನೆರಳಾಗಿಸುತ್ತದೆ. ಮೈಬಣ್ಣ ಅದಕ್ಕೆ ತಿರುಗುಮುರುಗಾಗಿದ್ದರೆ ಮೀನು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಪ್ರಾಣಿಗಳ ಈ ಮರೆವೇಷವನ್ನು ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ವಿವರಿಸಿದ್ದ. ನಿಜವಾದ ಮೀನಿನ ಬೆಳ್ಳಿಹೊಳಪಿಗೆ ಚರ್ಮದಲ್ಲಿರುವ ಗ್ವಾನಿನ್ ಹರಳುಗಳ ಪದರ ಕಾರಣ; ಫ್ಲೈಯಲ್ಲಿ ಆ ಕೆಲಸ ಪ್ಲಾಸ್ಟಿಕ್ ಎಳೆಗಳದ್ದು.

ಅಂಗಡಿಯಲ್ಲಿ ಕಣ್ಣು ಕುಕ್ಕುವ ಕೆಂಪು ಕಡಲಾಳದಲ್ಲಿ ಕೆಂಪಾಗಿ ಉಳಿಯದು. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಬಹುಪಾಲು ಹೀರುತ್ತದೆ. ಸೂಕ್ಷ್ಮಸಸ್ಯಗಳು ದಟ್ಟವಾಗಿರುವ ಕರಾವಳಿ ನೀರಿನಲ್ಲಿ ಹೆಚ್ಚು ದೂರ ಸಾಗುವುದು ಹಸಿರು. ಹಳದಿ ಮಿಶ್ರಿತ ಗಿಳಿಹಸಿರು ಕಟ್ಟುವವರ ಅಚ್ಚುಮೆಚ್ಚಿನ ಬಣ್ಣವಾದದ್ದು ಸುಮ್ಮನೆ ಅಲ್ಲ.

ಮೀನಿಗೆ ಕಣ್ಣೊಂದೇ ದಿಕ್ಕಲ್ಲ. ಅದರ ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ಹತ್ತಿರದ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಅಮೆರಿಕದ ಫ್ಲೈ ಮೀನುಗಾರ ಲೆಫ್ಟಿ ಕ್ರೇ 1950ರ ದಶಕದ ಕೊನೆಯಲ್ಲಿ ಚೆಸಪೀಕ್ ಕೊಲ್ಲಿಯ ಬಾಸ್ ಮೀನಿಗೆಂದು ಕಟ್ಟಿದ ‘ಡಿಸೀವರ್’ನಲ್ಲಿ ಉದ್ದದ ಕೋಳಿಗರಿಗಳು ಬಾಲವಾಗಿ ತೊನೆದು ಅಂಥ ಅಲುಗಾಟ ಹುಟ್ಟಿಸುತ್ತವೆ, ತಲೆಯ ಬಳಿ ಸುತ್ತಲೂ ಕಟ್ಟಿದ ಕೂದಲು ಆ ಗರಿಗಳು ಕೊಕ್ಕೆಗೆ ಸುತ್ತಿಕೊಳ್ಳದಂತೆ ತಡೆಯುತ್ತದೆ. 1991ರಲ್ಲಿ ಅಮೆರಿಕದ ಅಂಚೆಚೀಟಿಯಲ್ಲೂ ಈ ಫ್ಲೈ ಕಾಣಿಸಿಕೊಂಡಿತು. ಬ್ಲೂಫಿಶ್‌ನ ಹರಿತ ಹಲ್ಲಿಗೆ ಗರಿ, ಕೂದಲು ಚೂರಾಗುವುದನ್ನು ಕಂಡ ನ್ಯೂಜೆರ್ಸಿಯ ಬಾಬ್ ಪೊಪೊವಿಕ್ಸ್, ಮೈಗೆ ಪಾರದರ್ಶಕ ಎಪಾಕ್ಸಿ ಲೇಪಿಸಿ ‘ಸರ್ಫ್ ಕ್ಯಾಂಡಿ’ ರೂಪಿಸಿದರು. ಫ್ಲೈ ಗಟ್ಟಿಯಾಯಿತು, ಮರಿಮೀನಿನ ಅರೆಪಾರದರ್ಶಕ ಮೈಯೂ ಕೂಡಿಬಂತು.

ಈ ಯಾವ ಫ್ಲೈಯಲ್ಲೂ ಹುರುಪೆಯಿಲ್ಲ, ಕಿವಿರಿಲ್ಲ, ಪಕ್ಕೆಯ ರೆಕ್ಕೆಯಿಲ್ಲ. ಬೇಟೆಯ ಮೀನಿಗೆ ಪರೀಕ್ಷಿಸಿ ನೋಡುವ ಪುರುಸೊತ್ತೂ ಇಲ್ಲ. ಗಾತ್ರ, ನೆರಳಾಕೃತಿ, ಚಲನೆ ಹೊಂದಿದರೆ ಅದು ನುಗ್ಗುತ್ತದೆ. ಹೊಸಬರು ಕೂದಲು ತುಂಬಿ ದಪ್ಪಗೆ ಕಟ್ಟುತ್ತಾರೆ. ಅದು ಮುಳುಗುವುದೂ ನಿಧಾನ, ಆಡುವುದೂ ಕಡಿಮೆ. ಕೈ ಪಳಗಿದಂತೆ ಕೂದಲು ಕಡಿಮೆಯಾಗುತ್ತದೆ: ಮೀನು ಗಮನಿಸದ್ದನ್ನೆಲ್ಲ ಧೈರ್ಯವಾಗಿ ಬಿಟ್ಟುಬಿಡಲು ಬಂದಾಗಲೇ ಕಟ್ಟುವುದು ಕಲಿತಂತೆ.