ಅಮೆರಿಕದ ಲ್ಯಾಟಿನೋ ದುಡಿಮೆಗಾರರೂ ಶುದ್ಧಶಕ್ತಿಯ ಉದ್ಯಮವೂ

ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ‘ಲ್ಯಾಟಿನೋ’ ಎಂಬ ಮಾತು ವರ್ಣವನ್ನು ಹೇಳತಕ್ಕದ್ದಲ್ಲ. ಮೆಕ್ಸಿಕೋ ಮೊದಲಾಗಿ ದಕ್ಷಿಣಕ್ಕೆ ಹಬ್ಬಿರುವ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಮೂಲವುಳ್ಳವರೆಂಬುದು ಅದರ ಅರ್ಥ. ‘ಹಿಸ್ಪ್ಯಾನಿಕ್’ ಎಂಬುದಾದರೋ ಸ್ಪ್ಯಾನಿಷ್ ನುಡಿಯ ಸಂಬಂಧವನ್ನು ಸೂಚಿಸುವುದು. ಪೋರ್ಚುಗೀಸ್ ಆಡುವ ಬ್ರೆಜಿಲಿನವನು ಮೊದಲನೆಯ ಹೆಸರಿಗೆ ಸಲ್ಲುವನು, ಎರಡನೆಯದಕ್ಕೆ ಸಲ್ಲನು. ಸರಕಾರದ ಲೆಕ್ಕಪತ್ರಗಳಲ್ಲಿ ಎರಡನ್ನೂ ಕೂಡಿಸಿಯೇ ಎಣಿಸುವುದು ವಾಡಿಕೆ.

ಆ ಎಣಿಕೆಯಂತೆ ೨೦೨೩ರಲ್ಲಿ ಶಕ್ತಿಯ ಉದ್ಯಮಗಳಲ್ಲಿ ಹೊಸದಾಗಿ ಹುಟ್ಟಿದ ಕೆಲಸಗಳು ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟಿದ್ದವು. ಅವುಗಳಲ್ಲಿ ಸುಮಾರು ೧,೪೨,೦೦೦ ಸೂರ್ಯ, ಗಾಳಿ ಮೊದಲಾದ ಶುದ್ಧಶಕ್ತಿಗೆ ಸೇರಿದವು. ಒಟ್ಟು ಹೊಸ ಕೆಲಸಗಳಲ್ಲಿ ಸುಮಾರು ೭೯,೦೦೦ ಲ್ಯಾಟಿನೋ ಜನರ ಪಾಲಿಗೆ ಬಂದವು. ದೇಶದ ದುಡಿಮೆಗಾರರಲ್ಲಿ ಐದರಲ್ಲೊಂದು ಪಾಲೂ ತುಂಬದವರಿಗೆ ಇದು ಸಣ್ಣ ಪ್ರಾಪ್ತಿಯಲ್ಲ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ: ಸೂರ್ಯಸ್ಥಾವರವೆಂಬುದು ಮೊದಲು ಕಟ್ಟಡದ ಕೆಲಸ; ಆ ದೇಶದ ಕಟ್ಟಡದ ಕೆಲಸಗಾರರಲ್ಲಿ ಮೂರರಲ್ಲೊಂದು ಪಾಲಿನಷ್ಟು ಅವರೇ ಇದ್ದಾರೆ. ಆದರೆ ದೊರೆತ ಕೆಲಸ ಎಂತಹುದೆಂಬುದನ್ನು ಎಣಿಕೆಯು ಹೇಳಲಾರದು.

ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯನ್ನು ನೋಡಬಹುದು. ಅಲ್ಲಿಯ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಲ್ಯಾಟಿನೋಗಳು. ೧೯೬೫ರಲ್ಲಿ ಡೆಲನೋ ಊರಿನ ದ್ರಾಕ್ಷಿಯ ತೋಟಗಳಲ್ಲಿ ಫಿಲಿಪೀನೋ ಕೂಲಿಗಾರರು ಮುಷ್ಕರ ಹೂಡಲು, ಸೀಸರ್ ಚಾವೇಸರ ಸಂಘದವರು ಅವರನ್ನು ಕೂಡಿಕೊಂಡುದು ಈ ಸೀಮೆಯಲ್ಲಿಯೇ. ಅದೇ ಸೀಮೆಯ ಮರುಭೂಮಿಯಲ್ಲಿ, ನೆರೆಯ ಕೌಂಟಿಯವರೆಗೂ ಚಾಚಿಕೊಂಡು, ೫೭೯ ಮೆಗಾವಾಟಿನ ‘ಸೋಲಾರ್ ಸ್ಟಾರ್’ ಸ್ಥಾವರವು ೨೦೧೫ರಲ್ಲಿ ಮುಗಿಯಿತು. ಇಂತಹ ಸ್ಥಾವರವನ್ನು ಕಟ್ಟುವಾಗ ನೂರಾರು ಕೈಗಳು ಬೇಕು. ಕಟ್ಟಿದ ಮೇಲೆ ಕಾಯ್ದುಕೊಳ್ಳಲು ಕೆಲವರು ಸಾಕು. ವಿದ್ಯುತ್ ಕಸಬನ್ನು ಕಲಿತವನು ಬೇರೊಂದು ಕಟ್ಟಡಕ್ಕೆ ಹೋಗುವನು. ಫಲಕ ಕೂರಿಸುವುದನ್ನಷ್ಟೇ ಬಲ್ಲವನಿಗೆ ದಾರಿ ಕಿರಿದು. ೨೦೨೩ರಲ್ಲಿ ಇಡೀ ದೇಶಕ್ಕೆ ಲೆಕ್ಕ ಹಾಕಿದಾಗ ಫಲಕ ಕೂರಿಸುವವನ ವಾರ್ಷಿಕ ಸಂಬಳದ ಮಧ್ಯಮಾಂಕ ೪೮,೮೦೦ ಡಾಲರು, ವಿದ್ಯುತ್ ಕಸಬಿನವನದು ೬೧,೫೯೦.

೨೦೨೨ರ ಆಗಸ್ಟಿನಲ್ಲಿ ಬಂದ ಶಾಸನವು ಈ ಅಂತರಕ್ಕೇ ಕೈಯಿಕ್ಕಿತು. ಸ್ಥಾವರ ಕಟ್ಟುವವರಿಗೆ ವೆಚ್ಚದಲ್ಲಿ ನೂರಕ್ಕೆ ೬ರಷ್ಟು ತೆರಿಗೆಯ ರಿಯಾಯಿತಿ. ಸೀಮೆಯಲ್ಲಿ ರೂಢವಾದ ಕೂಲಿಯನ್ನು ಕೊಟ್ಟು, ಕಸಬು ಕಲಿಯುವ ಅಪ್ರೆಂಟಿಸರನ್ನೂ ಗೊತ್ತಾದ ಪ್ರಮಾಣದಲ್ಲಿ ಇಟ್ಟುಕೊಂಡರೆ ನೂರಕ್ಕೆ ೩೦. ಧರ್ಮಬೋಧೆಗಿಂತ ಇದು ಬಲವಾದ ಉಪಾಯವೆಂದೇ ನಮ್ಮ ಎಣಿಕೆ. ಆದರೆ ಒಂದು ಮೆಗಾವಾಟಿಗೆ ಕಡಮೆಯಾದ ಸ್ಥಾವರಗಳಿಗೆ ಈ ನಿಬಂಧನೆಯಿಲ್ಲ. ಮನೆಯೊಡೆಯನು ತನ್ನ ಮಾಡಿಗೆ ಫಲಕ ಹಾಕಿಸಿಕೊಂಡಾಗ ದೊರೆಯುತ್ತಿದ್ದ ರಿಯಾಯಿತಿಗೂ ಇರಲಿಲ್ಲ. ಹೀಗೆ ಬಯಲಿನಲ್ಲಿ ದುಡಿಯುವವನಿಗೆ ಸಿಕ್ಕಿದ ರಕ್ಷೆ ಮಾಡಿನ ಮೇಲೆ ದುಡಿಯುವವನಿಗೆ ಸಿಕ್ಕಲಿಲ್ಲ.

೨೦೨೫ರ ಜುಲೈಯ ಶಾಸನವು ಗಾಳಿ-ಸೂರ್ಯರ ದೊಡ್ಡ ಸ್ಥಾವರಗಳ ರಿಯಾಯಿತಿಗೆ ಗಡುವನ್ನು ವಿಧಿಸಿತು. ಮನೆಯೊಡೆಯರದನ್ನು ಅದೇ ವರ್ಷದ ಕೊನೆಗೆ ನಿಲ್ಲಿಸಿತು. ಪೆಟ್ಟು ಮೊದಲು ಬೀಳುವುದು, ಕೂಲಿಯ ನಿಬಂಧನೆಯಾಗಲಿ ಕಸಬಿನ ಕಲಿಕೆಯಾಗಲಿ ಎಂದೂ ಮುಟ್ಟದಿದ್ದ ಆ ಮಾಡಿನ ಕೆಲಸಗಾರನಿಗೇ.