ಮೋಟಾರು ಮುನಿಸಿಕೊಂಡಾಗ

ನಮ್ಮ ಸಣ್ಣ ಊರುಗಳಲ್ಲಿ ನಲ್ಲಿಯ ನೀರು ದಿನಾ ಬರುವ ಭಾಗ್ಯ ಎಲ್ಲ ಬೀದಿಗಳಿಗೂ ಇಲ್ಲ. ಎರಡು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಬಂದಾಗ ಸಂಪು ತುಂಬಿಸಿಕೊಳ್ಳಬೇಕು, ಸಂಪಿನಿಂದ ತಾರಸಿಯ ಟ್ಯಾಂಕಿಗೆ ಮೋಟಾರಿನಿಂದ ಏರಿಸಿಕೊಳ್ಳಬೇಕು. ಬೆಳಗಾದರೆ ಮೋಟಾರಿನ ಸ್ವಿಚ್ಚು ಹಾಕುವವಳು ಗೃಹಿಣಿ, ಟ್ಯಾಂಕು ತುಂಬಿತೇ ಎಂದು ಒಗ್ಗರಣೆಯ ಸದ್ದಿನ ನಡುವೆಯೂ ಕಿವಿಗೊಡುವವಳು ಗೃಹಿಣಿ. ಆದರೆ ಅದೇ ಮೋಟಾರು ಕೆಟ್ಟಿತೆಂದರೆ, "ಅದೆಲ್ಲ ನಮಗೆ ತಿಳಿಯೋಲ್ಲಪ್ಪ" ಎಂದು ಕೈಚೆಲ್ಲಿ ಕೂರುವುದೂ ಉಂಟು. ರಿಪೇರಿಯವನೋ, "ಈಗ ಬಂದೆ ಅಮ್ಮಾ" ಎಂದವನು ಮಾರನೆಯ ದಿನ ಮಧ್ಯಾಹ್ನ ಮುಖ ತೋರಿಸುತ್ತಾನೆ. ಅಷ್ಟರಲ್ಲಿ ಪಾತ್ರೆ ಬಿದ್ದಿರುತ್ತದೆ, ಬಟ್ಟೆ ನೆನೆದಿರುತ್ತದೆ, ಮನೆಯಲ್ಲಿ ಎಲ್ಲರ ಸಿಡುಕೂ ಅವಳ ಮೇಲೆಯೇ.

ನಿಜ ಹೇಳಬೇಕೆಂದರೆ, ಮನೆಯ ಮೋಟಾರಿನ ಎಷ್ಟೋ ತೊಂದರೆಗಳನ್ನು ಕಣ್ಣು, ಕಿವಿಗಳಿಂದಲೇ ಪತ್ತೆ ಹಚ್ಚಬಹುದು. ಕೆಲವನ್ನು ಒಂದು ಚೊಂಬು ನೀರಿನಿಂದಲೇ ಸರಿಪಡಿಸಬಹುದು. ಇನ್ನು ಕೆಲವಕ್ಕೆ ಮಾತ್ರ ನಾವು ಕೈ ಹಾಕಲೇಬಾರದು. ಯಾವುದು ನಮ್ಮ ಕೈಕೆಲಸ, ಕೈ ಎಲ್ಲಿ ನಿಲ್ಲಬೇಕು ಎಂಬುದನ್ನು ತಿಳಿದವಳು ಹಣವನ್ನೂ ಉಳಿಸುತ್ತಾಳೆ, ಜೀವವನ್ನೂ ಉಳಿಸುತ್ತಾಳೆ.

ಮೊದಲು ಪರಿಚಯ ಮಾಡಿಕೊಳ್ಳಿ

ಸಂಪಿನ ಪಕ್ಕದಲ್ಲಿ ಕೂತಿರುವ ಅರ್ಧ ಅಥವಾ ಒಂದು ಎಚ್.ಪಿ. ಮೋಟಾರನ್ನೇ ಇಲ್ಲಿ ಹೇಳುತ್ತಿರುವುದು. ಬೋರಿನೊಳಗೆ ಇಳಿಬಿಟ್ಟ ಮೋಟಾರಿನ ಕಥೆಯೇ ಬೇರೆ.

ಇದರಲ್ಲಿ ಎರಡು ಭಾಗಗಳಿವೆ. ಹಿಂದಿನದು ಕರೆಂಟಿನಿಂದ ತಿರುಗುವ ಮೋಟಾರು, ಮುಂದಿನದು ನೀರೆತ್ತುವ ಪಂಪು. ಪಂಪಿನೊಳಗೆ ಒಂದು ಸಣ್ಣ ಚಕ್ರ ಗಿರ್ರನೆ ತಿರುಗಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಂಪಿನೊಳಕ್ಕೆ ಇಳಿದಿರುವ ಪೈಪಿನ ತುದಿಯಲ್ಲಿ ಸಾಮಾನ್ಯವಾಗಿ ಫುಟ್‌ವಾಲ್ವು ಇರುತ್ತದೆ. ಒಳಗೆ ಬಂದ ನೀರು ಮತ್ತೆ ಸಂಪಿಗೆ ಜಾರದಂತೆ ತಡೆಯುವ ಬಾಗಿಲು ಅದು.

ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವಾಗ ಏನಾಗುತ್ತದೆ? ನಾವು ಸ್ಟ್ರಾದೊಳಗಿನ ಗಾಳಿ ತೆಗೆಯುತ್ತೇವೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಪಂಪಿನದೂ ಇದೇ ಲೆಕ್ಕ. ಸ್ಟ್ರಾದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನೀರಿನ ಬದಲು ಗಾಳಿಯೇ ಬಾಯಿಗೆ ಬರುತ್ತದಲ್ಲವೇ? ಪೈಪಿಗೂ ಹಾಗೆಯೇ. ಗಾಳಿಯ ಒತ್ತಡಕ್ಕೂ ಒಂದು ಮಿತಿ ಇದೆ. ಲೆಕ್ಕದ ಪ್ರಕಾರ ಸುಮಾರು 10 ಮೀಟರ್ ಎಂದರೂ, ಮನೆಯ ಪಂಪು 6-7 ಮೀಟರ್ ಆಳದಿಂದ ಎಳೆದರೆ ಅದೇ ಹೆಚ್ಚು. ಬೇಸಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ ದಡದ ಮೇಲಿನ ಮೋಟಾರು ಬರೀ ಓಡುತ್ತದೆ, ನೀರು ಬರುವುದಿಲ್ಲ. ಅದು ಮೋಟಾರಿನ ತಪ್ಪಲ್ಲ.

ಓಡುತ್ತದೆ, ನೀರು ಬಾರದು

ಇದು ಬಹು ಸಾಮಾನ್ಯವಾದ ಕಾಟ. ಎರಡು ನಿಮಿಷ ಕಾದರೂ ನೀರು ಬಾರದಿದ್ದರೆ ತಕ್ಷಣ ನಿಲ್ಲಿಸಿ. ನೀರಿಲ್ಲದ ಕುಕ್ಕರನ್ನು ಒಲೆಯ ಮೇಲಿಟ್ಟಂತೆ, ನೀರಿಲ್ಲದೆ ಓಡಿದ ಪಂಪಿನ ಸೀಲು ಕಾದು ಸುಟ್ಟುಹೋಗುತ್ತದೆ. ಆಮೇಲೆ ಹೀಗೆ ನೋಡುತ್ತಾ ಹೋಗಿ:

1. ಸಂಪಿನಲ್ಲಿ ನೀರಿದೆಯೇ? ಇದ್ದರೂ ಪೈಪಿನ ತುದಿ ನೀರಿನಲ್ಲಿ ಮುಳುಗಿದೆಯೇ? ಮೇಲಿನಿಂದಲೇ ಬ್ಯಾಟರಿ ಬಿಟ್ಟು ನೋಡಿ.

2. ಟ್ಯಾಂಕಿಗೆ ಹೋಗುವ ಪೈಪಿನ ವಾಲ್ವನ್ನು ಯಾರಾದರೂ ಮುಚ್ಚಿದ್ದಾರೆಯೇ? ನಗಬೇಡಿ, ಎಷ್ಟೋ ಮನೆಗಳಲ್ಲಿ ರಿಪೇರಿಯವನು ಬಂದು ತಿರುಗಿಸುವುದು ಇದೊಂದನ್ನೇ.

3. ಪಂಪಿನೊಳಗೆ ಗಾಳಿ ಹಿಡಿದಿರಬಹುದು. ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕೀಳಿ. ಪಂಪಿನ ತಲೆಯ ಮೇಲಿರುವ ನೀರು ತುಂಬುವ ಬಿರಡೆಯನ್ನು ಸ್ಪ್ಯಾನರಿನಿಂದ ಬಿಚ್ಚಿ. ಚೊಂಬಿನಿಂದ ನಿಧಾನವಾಗಿ, ಗುಳ್ಳೆ ಬರುವುದು ನಿಲ್ಲುವವರೆಗೂ ಶುದ್ಧ ನೀರು ಹುಯ್ಯಿರಿ. ಬಿರಡೆಯ ಮರೆಗೆ ಬಿಳಿ ಟೆಫ್ಲಾನ್ ಟೇಪನ್ನು ಮೂರು ನಾಲ್ಕು ಸುತ್ತು ಸುತ್ತಿ ಬಿಗಿ ಮಾಡಿ. ಮೋಟಾರಿನ ಮೇಲೆ ಚೆಲ್ಲಿದ ನೀರು ಒರೆಸಿ, ಕೈ ಒಣಗಿಸಿಕೊಂಡು, ಚಪ್ಪಲಿ ಮೆಟ್ಟಿ ಸ್ವಿಚ್ಚು ಹಾಕಿ.

ಹುಯ್ದ ನೀರು ಹೇಗೆ ವರ್ತಿಸುತ್ತದೆ ಎಂಬುದನ್ನು ಗಮನಿಸಿ. ಎಷ್ಟು ಹುಯ್ದರೂ ನೀರು ಕೆಳಕ್ಕೆ ಇಳಿದುಹೋಗುತ್ತಿದ್ದರೆ ಫುಟ್‌ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಮರಳೋ, ನಾರೋ ಸಿಕ್ಕಿರಬಹುದು, ವಾಷರು ಸವೆದಿರಬಹುದು. ಹುಯ್ದ ನೀರು ನಿಂತರೂ ಮೋಟಾರು ಎಳೆಯದಿದ್ದರೆ, ಫುಟ್‌ವಾಲ್ವಿನ ಜಾಲರಿ ಕಟ್ಟಿರಬಹುದು, ಇಲ್ಲವೇ ಸಂಪಿನ ಕಡೆಯ ಪೈಪು ಗಾಳಿ ಎಳೆಯುತ್ತಿರಬಹುದು.

4. ಗಾಳಿ ಎಳೆಯುವ ಜಾಗದಲ್ಲಿ ಮೋಟಾರು ಓಡುವಾಗ ನೀರು ತೊಟ್ಟಿಕ್ಕುವುದಿಲ್ಲ. ಆದ್ದರಿಂದಲೇ ಅದು ಕಣ್ಣಿಗೆ ಬೀಳದು. ಪ್ಲಗ್ಗು ಕಿತ್ತಿರುವಾಗಲೇ ಆ ಪೈಪಿನ ಒಂದೊಂದು ಜೋಡಣೆಗೂ ಸೋಪಿನ ದಪ್ಪ ನೊರೆ ಬಳಿಯಿರಿ. ಕೈ ಒರೆಸಿಕೊಂಡು ದೂರ ಬಂದು, ಸ್ವಲ್ಪ ಹೊತ್ತು ಮಾತ್ರ ಮೋಟಾರು ಹಾಕಿ ನೋಡಿ. ನೊರೆ ಎಲ್ಲಿ ಒಳಕ್ಕೆ ಸೆಳೆದುಕೊಳ್ಳುತ್ತದೋ ಅಲ್ಲೇ ಬಿರುಕು. ಜಾಗ ತೋರಿಸಿಕೊಟ್ಟರೆ ಪ್ಲಂಬರಿನ ಕೆಲಸ ಅರ್ಧ ಮುಗಿದಂತೆ.

ಗುಂಯ್ ಎನ್ನುತ್ತದೆ, ತಿರುಗದು

ಮಿಕ್ಸಿಗೆ ಹಿಟ್ಟು ತೀರಾ ಗಟ್ಟಿಯಾದಾಗ ಬರುವಂಥ ಸದ್ದು ಇದು. ಈ ಸದ್ದು ಕೇಳಿದೊಡನೆ ಸ್ವಿಚ್ಚು ಆರಿಸಿ. "ಇನ್ನೊಂದು ಸಲ ನೋಡೋಣ, ಇನ್ನೊಂದು ಸಲ" ಎನ್ನುತ್ತಾ ಹೋದರೆ ವೈಂಡಿಂಗ್ ಸುಡುತ್ತದೆ. ಆಗ ಸಣ್ಣ ರಿಪೇರಿ ಹೋಗಿ ದೊಡ್ಡ ಖರ್ಚು ಗಂಟುಬೀಳುತ್ತದೆ.

ಕಾರಣಗಳು ಮುಖ್ಯವಾಗಿ ಮೂರು. ಒಂದು, ವೋಲ್ಟೇಜು ಕಡಿಮೆ. ಮನೆಯ ಕರೆಂಟು 230 ವೋಲ್ಟ್ ಇರಬೇಕು. ಫ್ಯಾನು ನಿಧಾನವಾಗಿದೆ, ಹಳೆಯ ಬಲ್ಬು ಮಂಕಾಗಿದೆ ಎಂದರೆ ಸ್ವಲ್ಪ ಹೊತ್ತು ಕಾಯಿರಿ. ಎರಡು, ಒಳಗಿನ ಚಕ್ರ ಹಿಡಿದುಕೊಂಡಿದೆ. ಬೇಸಗೆ ರಜೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗಿ ಬಂದ ಮೇಲೆ ತುಕ್ಕು ಹಿಡಿದು ಹೀಗಾಗುವುದು ಸಾಮಾನ್ಯ. ಪ್ಲಗ್ಗು ಕಿತ್ತ ಮೇಲೆ ಮೋಟಾರಿನ ಹಿಂಬದಿ ನೋಡಿ. ಕೆಲವು ಮಾದರಿಗಳಲ್ಲಿ ಫ್ಯಾನಿನ ಮುಚ್ಚಳದ ನಡುವೆ ತೂತಿದ್ದು, ದಂಡದ ತುದಿಯಲ್ಲಿ ಸೀಳು ಇರುತ್ತದೆ. ಅದಕ್ಕೆ ಸ್ಕ್ರೂಡ್ರೈವರ್ ಕೊಟ್ಟು ಮೆಲ್ಲಗೆ ತಿರುಗಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.

ದಂಡ ಸಲೀಸಾಗಿ ತಿರುಗುತ್ತಿದ್ದು, ವೋಲ್ಟೇಜೂ ಸರಿಯಿದ್ದು, ಆದರೂ ಗುಂಯ್ ಎಂದರೆ ಮೂರನೆಯ ಕಾರಣ ಹಿಡಿಯಿರಿ: ಕಂಡೆನ್ಸರ್ ಹೋಗಿದೆ. ಮೋಟಾರಿಗೆ ತಿರುಗಲು ಮೊದಲ ತಳ್ಳು ಕೊಡುವುದು ಅದೇ. ಅದನ್ನು ನೀವು ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರಿನೊಳಗೆ ಕರೆಂಟು ಉಳಿದಿದ್ದು ಹೊಡೆಯಬಲ್ಲದು. ಎಲೆಕ್ಟ್ರಿಷಿಯನ್ ಹೊಸದನ್ನು ಹಾಕುವಾಗ, ಹಳೆಯದರ ಮೇಲಿದ್ದ ಸಂಖ್ಯೆಯೇ ಹೊಸದರ ಮೇಲೂ ಇದೆಯೇ ಎಂದು ಮಾತ್ರ ಕೇಳಿ ನೋಡಿಕೊಳ್ಳಿ.

ಸದ್ದೂ ಇಲ್ಲ, ಸುದ್ದಿಯೂ ಇಲ್ಲ

ಮನೆಯಲ್ಲಿ ಕರೆಂಟು ಇದೆಯೇ, ಫ್ಯೂಸು ಹೋಗಿದೆಯೇ, ಎಂ.ಸಿ.ಬಿ. ಬಿದ್ದಿದೆಯೇ ನೋಡಿ. ಮೋಟಾರು ಬಹಳ ಹೊತ್ತು ಓಡಿ ನಿಂತಿದ್ದರೆ ಅದರೊಳಗಿನ ಕಾವಿನ ಸ್ವಿಚ್ಚು ತಾನಾಗಿ ಬಿಟ್ಟುಕೊಂಡಿರಬಹುದು. ಸ್ವಿಚ್ಚು ಆರಿಸಿ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಎಂ.ಸಿ.ಬಿ.ಯನ್ನು ಒಮ್ಮೆ ಎತ್ತಬಹುದು. ಮತ್ತೆ ಬಿದ್ದರೆ ಇನ್ನು ಎತ್ತಬೇಡಿ, ಒಳಗೆ ಏನೋ ಕೆಟ್ಟಿದೆ ಎಂದು ಅದು ಹೇಳುತ್ತಿದೆ. ಫ್ಯೂಸಿಗೆ ದಪ್ಪ ತಂತಿ ಸುತ್ತುವುದಂತೂ ಮನೆಗೆ ನಾವೇ ಬೆಂಕಿ ಇಟ್ಟುಕೊಂಡಂತೆ.

ಸಣ್ಣ ಸೂಚನೆಗಳು, ದೊಡ್ಡ ಉಳಿತಾಯ

ಮೋಟಾರಿಗೂ ಪಂಪಿಗೂ ನಡುವೆ ಹನಿ ಹನಿ ನೀರು ತೊಟ್ಟಿಕ್ಕಿದರೆ ಸೀಲು ಸವೆದಿದೆ ಎಂದು ತಿಳಿಯಿರಿ. ಕುಕ್ಕರಿಗೆ ಗ್ಯಾಸ್ಕೆಟ್ ಇದ್ದಂತೆ ಪಂಪಿಗೆ ಸೀಲು. ಆಗಲೇ ಬದಲಾಯಿಸಿದರೆ ಸರಿ, ತಡ ಮಾಡಿದರೆ ಆ ನೀರು ಬೇರಿಂಗಿಗೂ ವೈಂಡಿಂಗಿಗೂ ಇಳಿಯುತ್ತದೆ. ಕರಕರ ಎಂಬ ಸದ್ದು ಬಂದರೆ ಬೇರಿಂಗ್ ನೋಡಿಸಿ. ಪಂಪಿನೊಳಗೆ ಕಲ್ಲು ಕುಲುಕಿದಂತೆ ಸದ್ದಾದರೆ ನೀರು ಸಾಲದೆ ಗಾಳಿ ಸೇರುತ್ತಿರಬಹುದು.

ಎಲ್ಲಕ್ಕಿಂತ ಒಳ್ಳೆಯ ವೈದ್ಯ ಎಂದರೆ ಗಡಿಯಾರ. ಮೋಟಾರು ಚೆನ್ನಾಗಿರುವಾಗಲೇ ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. 1000 ಲೀಟರಿನ ಟ್ಯಾಂಕು 25 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 40 ಲೀಟರ್ ಬಂದಂತಾಯಿತು. ಅದೇ ಟ್ಯಾಂಕಿಗೆ 40 ನಿಮಿಷ ಹಿಡಿದರೆ ಬರುತ್ತಿರುವುದು 25 ಲೀಟರ್ ಮಾತ್ರ. ಜಾಲರಿ ಕಟ್ಟುತ್ತಿದೆಯೋ, ಚಕ್ರ ಸವೆದಿದೆಯೋ, ಅಂತೂ ಕರೆಂಟಿನ ಬಿಲ್ಲು ಏರುತ್ತಿರುತ್ತದೆ. ಪೂರ್ತಿ ನಿಲ್ಲುವ ಮೊದಲೇ ನೋಡಿಸಿದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪಾಡು ತಪ್ಪುತ್ತದೆ.

ಕೈ ಎಲ್ಲಿ ನಿಲ್ಲಬೇಕು?

ಇಲ್ಲಿಯವರೆಗೆ ಹೇಳಿದ್ದನ್ನು ಮರೆತರೂ ಪರವಾಗಿಲ್ಲ, ಇನ್ನು ಹೇಳುವ ಎರಡು ಮಾತನ್ನು ಮರೆಯಬೇಡಿ.

ಮೊದಲನೆಯದು ಕರೆಂಟು. ಮೋಟಾರನ್ನೋ, ಅದರ ಕಬ್ಬಿಣದ ಪೈಪನ್ನೋ, ಕೊನೆಗೆ ಬಚ್ಚಲಿನ ನಲ್ಲಿಯನ್ನೋ ಮುಟ್ಟಿದಾಗ ಸ್ವಲ್ಪ ಜುಮ್ ಎಂದರೂ ಆ ದಿನವೇ ಮೋಟಾರನ್ನು ನಿಲ್ಲಿಸಿ, ಪ್ಲಗ್ಗು ಕಿತ್ತಿಡಿ. "ಸ್ವಲ್ಪ ತಾನೇ, ಒಣಗೈಲಿ ಮುಟ್ಟಿದರೆ ಏನಾಗೋಲ್ಲ" ಎನ್ನುವ ಮಾತು ಬೇಡ. ಇವತ್ತಿನ ಜುಮ್ ನಾಳೆ ಒದ್ದೆ ಕಾಲಿನಲ್ಲಿ ನಿಂತವರ ಪ್ರಾಣ ತೆಗೆಯಬಹುದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದವಾಗಿ ದಪ್ಪಗಿರುವ ಪಿನ್ನೇ ಅರ್ತ್. ಅದನ್ನು ಮುರಿದು ಎರಡು ಪಿನ್ನಿನಲ್ಲಿ ಓಡಿಸುವುದು ಮಹಾಪರಾಧ. ಎಂ.ಸಿ.ಬಿ. ವೈರಿಂಗನ್ನು ಕಾಯುತ್ತದೆ, ಮನುಷ್ಯರನ್ನು ಶಾಕಿನಿಂದ ಕಾಯುವುದಿಲ್ಲ. ಅದಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಬೇರೆ ಸ್ವಿಚ್ಚೇ ಬೇಕು. ಮುಂದಿನ ಹಬ್ಬಕ್ಕೆ ಸೀರೆ ಕೊಳ್ಳುವ ಮೊದಲು ಇದನ್ನು ಹಾಕಿಸಿಕೊಳ್ಳಿ. ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿ, ಅದು ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದ ಬೇರ್ಪಡಿಸಿ, 108ಕ್ಕೆ ಫೋನು ಮಾಡಿ.

ಎರಡನೆಯದು ಸಂಪು. ಫುಟ್‌ವಾಲ್ವು ತೆಗೆಯಲೆಂದೋ, ತೊಳೆಯಲೆಂದೋ ಮುಚ್ಚಳ ತೆಗೆದೊಡನೆ ಒಳಗೆ ಇಳಿಯುವುದು ನಮ್ಮಲ್ಲಿ ರೂಢಿ. ಬಹಳ ದಿನ ಮುಚ್ಚಿದ ಸಂಪಿನಲ್ಲಿ ಉಸಿರಾಡಲು ಬೇಕಾದ ಆಮ್ಲಜನಕ ಇಲ್ಲದಿರಬಹುದು, ಕೆಟ್ಟ ಗಾಳಿ ತುಂಬಿರಬಹುದು. ಇಳಿದವರಿಗೆ ತಲೆ ಸುತ್ತಿ ಬೀಳಲು ಕ್ಷಣ ಸಾಕು. ಅವರನ್ನು ಎತ್ತಲು ಮನೆಯ ಇನ್ನೊಬ್ಬರು ಹಾರುತ್ತಾರೆ, ಅವರೂ ಅಲ್ಲೇ ಉಳಿಯುತ್ತಾರೆ. ಇಂಥ ಸುದ್ದಿ ಪತ್ರಿಕೆಯಲ್ಲಿ ಓದಿ ನಾವೆಲ್ಲ ಮರುಗಿದ್ದೇವೆ. ದೀಪ ಇಳಿಸಿ, ಆರದಿದ್ದರೆ ಇಳಿಯಬಹುದು ಎಂಬ ಹಳೆಯ ನಂಬಿಕೆಯೂ ಸಾಲದು, ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಹುದು. ಪೈಪನ್ನೇ ಮೇಲಕ್ಕೆ ಎತ್ತಿಸಿ ಫುಟ್‌ವಾಲ್ವು ನೋಡಿಸಿ. ನೀವು ಇಳಿಯಬೇಡಿ, ಮಕ್ಕಳನ್ನು ಇಳಿಸಬೇಡಿ, ಕೂಲಿ ಕೊಡುತ್ತೇವೆಂದು ಬಡವನ ಮಗನನ್ನೂ ಇಳಿಸಬೇಡಿ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಹಾರದೆ 112ಕ್ಕೆ ಫೋನು ಮಾಡಿ, ಜನರನ್ನು ಕೂಗಿ. ಸಂಪಿನ ಮುಚ್ಚಳಕ್ಕೆ ಬೀಗವಿರಲಿ, ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರಂತೂ ಖಂಡಿತ.

ರಿಪೇರಿಯವನು ಬಂದಾಗ

"ಮೋಟಾರು ಕೆಟ್ಟಿದೆ" ಎಂದಷ್ಟೇ ಹೇಳಬೇಡಿ. "ಓಡುತ್ತೆ, ನೀರು ಎಳೆಯಲ್ಲ, ಹುಯ್ದ ನೀರು ಕೆಳಗಿಳಿದು ಹೋಗ್ತಿದೆ" ಎಂದು ಹೇಳಿ. ಅಷ್ಟು ಹೇಳಿದರೆ ಅವನು ಸರಿಯಾದ ಸಾಮಾನನ್ನೇ ತರುತ್ತಾನೆ, ಬೇಡದ್ದನ್ನು ಬದಲಾಯಿಸುವುದಕ್ಕೂ ಹಿಂಜರಿಯುತ್ತಾನೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ರಸೀತಿಯ ಮೇಲೆ ತಾರೀಖು ಹಾಕಿಸಿ. ವೈಂಡಿಂಗ್ ಮಾಡಿಸಿದರೆ ತಾಮ್ರದ ತಂತಿಯೇ ಎಂದು ಮೊದಲೇ ಮಾತಾಡಿಕೊಳ್ಳಿ. ಮೋಟಾರು ಮನೆಗೆ ಬಂದ ಮೇಲೆ, ಪಂಪಿನ ಮೇಲಿರುವ ಬಾಣದ ಗುರುತಿನ ಕಡೆಗೇ ತಿರುಗುತ್ತಿದೆಯೇ ನೋಡಿ. ಉಲ್ಟಾ ತಿರುಗಿದರೂ ಸದ್ದು ಅದೇ, ನೀರು ಮಾತ್ರ ಸೊರಗುತ್ತದೆ. ಕ್ಯಾಲೆಂಡರಿನ ಮೇಲೆ ಬರೆದಿಟ್ಟ ನಿಮಿಷದ ಲೆಕ್ಕದೊಡನೆ ತಾಳೆ ನೋಡಿ, ಆಮೇಲೆ ಹಣ ಕೊಡಿ.

ಊರಿಗೆ ಹೋಗುವಾಗ ಪ್ಲಗ್ಗು ಕಿತ್ತಿಟ್ಟು ಹೋಗಿ. ಮನೆಯಲ್ಲಿದ್ದೂ ಮೋಟಾರಿಗೆ ಕೆಲಸವಿಲ್ಲದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದೆರಡು ನಿಮಿಷ ನೀರೆತ್ತಿಸಿ, ಚಕ್ರ ತುಕ್ಕು ಹಿಡಿಯದು. ಮಳೆನೀರು ಬೀಳದಂತೆ ಮೋಟಾರಿನ ಮೇಲೊಂದು ಮರೆ ಮಾಡಿಸಿ, ಆದರೆ ಗೋಣಿಚೀಲ ಹೊದಿಸಬೇಡಿ, ಅದಕ್ಕೂ ಗಾಳಿಯಾಡಬೇಕು. ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ಸುರುಳಿ ಟೆಫ್ಲಾನ್ ಟೇಪು, ಒಂದು ಬ್ಯಾಟರಿ, ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಅಟ್ಟದ ಮೇಲಿಡಿ. ಮುಂದಿನ ಸಲ ಮೋಟಾರು ಮುನಿಸಿಕೊಂಡಾಗ ಮೊದಲು ಈ ಡಬ್ಬಿ ಕೆಳಗಿಳಿಯಲಿ, ರಿಪೇರಿಯವನಿಗೆ ಫೋನು ಆಮೇಲೆ.