ಗೋಡೆ ತೂರಿ ಬಂದ ಬೆಳಕು

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಅಂಕುಡೊಂಕು ಗೆರೆ. ಸಣ್ಣಗೆ ನಡುಗುತ್ತ ಬಂದದ್ದು ಒಮ್ಮೆಲೇ ಕಡಿದಾಗಿ ಮೇಲೇರಿ, ನಿಧಾನಕ್ಕೆ ಇಳಿದು, ಮತ್ತೆ ಹಳೆಯ ನಡುಕಕ್ಕೇ ಸೇರಿಕೊಂಡಿತ್ತು.

"ಇದೇ ಸರ್, ಆಸ್ಟ್ರೋಸ್ಯಾಟ್ ಹಿಡಿದ ಮೊದಲ ಗಾಮಾ ಕಿರಣ ಸ್ಫೋಟ" ಎಂದಳು ಬೆಂಗಳೂರಿನಲ್ಲಿ ಖಗೋಳವಿಜ್ಞಾನದ ಸಂಶೋಧನೆ ಮಾಡುತ್ತಿರುವ ಹುಡುಗಿ.

"ಫೋಟೊ ಇಲ್ಲವೇನಮ್ಮಾ?"

"ಇಷ್ಟೇ ಸರ್. ಸೆಕೆಂಡಿಗೆ ಎಷ್ಟು ಫೋಟಾನ್ ಬಂದವು ಅನ್ನೋ ಲೆಕ್ಕ. ತಮಾಷೆ ಏನು ಗೊತ್ತಾ? ಉಪಕರಣ ಆಗ ಬೇರೆ ಕಡೆ ಮುಖ ಮಾಡಿತ್ತು."

"ಮತ್ತೆ ಸಿಕ್ಕಿದ್ದು ಹೇಗೆ?"

"ಗೋಡೆ ತೂರಿಕೊಂಡು ಬಂತು."

ಆ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ಐದು ಉಪಕರಣಗಳಲ್ಲಿ ಒಂದು ಸಿಝೆಡ್‌ಟಿಐ, ಅಂದರೆ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಇಮೇಜರ್. ಅಕ್ಟೋಬರ್ 6ರಂದು ಅದಕ್ಕೆ ಚಾಲನೆ ಸಿಕ್ಕಿತು. ಅದೇ ದಿನ ಈ ಸ್ಫೋಟವೂ ಸಿಕ್ಕಿತು. ಖಗೋಳದವರ ಪಟ್ಟಿಯಲ್ಲಿ ಇದರ ಹೆಸರು ಜಿಆರ್‌ಬಿ 151006ಎ. ಕಂಡ ದಿನಾಂಕವೇ ಹೆಸರು.

ಸಿಝೆಡ್‌ಟಿಐ ಕಟ್ಟಿದ್ದು ಇದಕ್ಕಲ್ಲ. ಆಕಾಶದ ಒಂದು ಚಿಕ್ಕ ತುಂಡನ್ನೇ ದಿಟ್ಟಿಸಿ, 100 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಎಕ್ಸ್-ಕಿರಣಗಳಲ್ಲಿ ಕಪ್ಪುಕುಳಿ, ನ್ಯೂಟ್ರಾನ್ ತಾರೆಗಳನ್ನು ನೋಡುವುದು ಅದರ ಕೆಲಸ. 5 ಮಿಲಿಮೀಟರ್ ದಪ್ಪದ 64 ಹರಳುಬಿಲ್ಲೆಗಳು, ಒಂದೊಂದರಲ್ಲಿ 256 ಪಿಕ್ಸೆಲ್, ಒಟ್ಟು 16,384. ಪಕ್ಕದಿಂದ ಬೇಡದ ಕಿರಣ ನುಗ್ಗದಂತೆ ಸುತ್ತ ಲೋಹದ ತೆಳು ಗೋಡೆಗಳು. ಆದರೆ ಶಕ್ತಿ 100 ದಾಟಿತೆಂದರೆ ಆ ಗೋಡೆ ಇದ್ದೂ ಇಲ್ಲದಂತೆ. ಸೋರುವ ಮಾಡಿನ ಕೆಳಗಿದ್ದವರಿಗೆ ಮಳೆ ಬಂದದ್ದು ಎಲ್ಲರಿಗಿಂತ ಮೊದಲು ತಿಳಿಯುತ್ತದಲ್ಲ, ಹಾಗೆ ಈ ಉಪಕರಣಕ್ಕೆ ಭೂಮಿ ಮರೆಮಾಡದ ಇಡೀ ಆಕಾಶದ ಸುದ್ದಿ ಬರತೊಡಗಿತು. 2023ರ ನವೆಂಬರ್‌ನಲ್ಲಿ ಅದರ ಪಟ್ಟಿ 600 ಮುಟ್ಟಿತು. ಉಪಗ್ರಹಕ್ಕೆ ಗೊತ್ತುಮಾಡಿದ್ದ ಆಯುಸ್ಸು ಐದೇ ವರ್ಷ!

ಗಾಮಾ ಸ್ಫೋಟದ ಚರಿತ್ರೆ ಎಂದರೆ ಎಲ್ಲರೂ ಹೇಳುವುದು ಗೂಢಚಾರಿಕೆಯ ಕತೆ. ಸೋವಿಯೆತ್ ದೇಶ ಕದ್ದುಮುಚ್ಚಿ ಅಣುಬಾಂಬ್ ಪರೀಕ್ಷಿಸುತ್ತದೆಯೇ ಎಂದು ಕಾಯಲು ಅಮೆರಿಕ ಹಾರಿಸಿದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಬಾಂಬಿನಂತಲ್ಲದ ಒಂದು ಮಿಂಚನ್ನು ಕಂಡವು, ನಿಜ. ನನಗೆ ಮಾತ್ರ ರುಚಿಸುವುದು ಆಮೇಲಿನ ಲೆಕ್ಕಾಚಾರ. ವೇಲಾಗಳು ಭೂಮಿಯಿಂದ ಲಕ್ಷ ಕಿಲೋಮೀಟರಿಗೂ ಆಚೆ ಸುತ್ತುತ್ತಿದ್ದವು. ಎದುರುಬದುರು ಕೊನೆಗಳಲ್ಲಿರುವ ಎರಡು ಉಪಗ್ರಹಗಳ ನಡುವೆ ಬೆಳಕಿಗೂ ಮುಕ್ಕಾಲು ಸೆಕೆಂಡಿನ ದಾರಿ. ಯಾವುದಕ್ಕೆ ಮೊದಲು ತಟ್ಟಿತು, ಎಷ್ಟು ಮೊದಲು ಎಂದು ನೋಡಿದರೆ ದಿಕ್ಕು ಸಿಗುತ್ತದೆ. ಲಾಸ್ ಅಲಾಮೋಸ್‌ನ ಕ್ಲೆಬೆಸಾಡೆಲ್, ಸ್ಟ್ರಾಂಗ್, ಓಲ್ಸನ್ ಹೀಗೇ ಲೆಕ್ಕ ಹಾಕಿ, ಭೂಮಿಯೂ ಅಲ್ಲ ಸೂರ್ಯನೂ ಅಲ್ಲ ಎಂದು ತೀರ್ಮಾನಿಸಿ, 1973ರಲ್ಲಿ 16 ಸ್ಫೋಟಗಳ ವರದಿ ಪ್ರಕಟಿಸಿದರು. ಬೇಹುಗಾರಿಕೆಗಿಂತ ಈ ತಾಳ್ಮೆ ದೊಡ್ಡದು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯ 2,704 ಸ್ಫೋಟಗಳನ್ನು ಎಣಿಸಿ, ಅವು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತವೆ ಎಂದು ತೋರಿಸಿತು. ಬೆಪ್ಪೋಸ್ಯಾಕ್ಸ್ ಉಪಗ್ರಹ 1997ರಲ್ಲಿ ಸ್ಫೋಟವೊಂದರ ನಂತರ ಉಳಿಯುವ ಎಕ್ಸ್-ಕಿರಣದ ಹೊಳಪನ್ನು ಹಿಡಿದ ಮೇಲೆ, ಇವು ನಮ್ಮ ಗೆಲಾಕ್ಸಿಯಿಂದ ಬಹು ಆಚಿನವು ಎಂಬುದು ಆ ವರ್ಷವೇ ಖಚಿತವಾಯಿತು. 2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ, ಸ್ಫೋಟ ಕಂಡೊಡನೆ ತಾನೇ ಆ ಕಡೆ ತಿರುಗಬಲ್ಲದು. 2008ರ ಫರ್ಮಿ ದೊಡ್ಡ ಎಣಿಕೆದಾರ. ಆದರೂ 2022ರ ಅಕ್ಟೋಬರ್ 9ರ ಮಹಾಸ್ಫೋಟಕ್ಕೆ ಅದರ ಉಪಕರಣಗಳೂ ಎಣಿಕೆ ತಪ್ಪಿದವು. ಎರಡು ಸೆಕೆಂಡಿಗಿಂತ ದೀರ್ಘವಾದದ್ದು ದೈತ್ಯ ತಾರೆಯ ಸಾವು, ಗಿಡ್ಡದ್ದು ನ್ಯೂಟ್ರಾನ್ ತಾರೆಗಳ ಡಿಕ್ಕಿ ಎಂಬ ಪಾಠ ನಿಮಗೆ ಗೊತ್ತೇ ಇದೆ. ಆ ಗಡಿಗೆರೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. 2021ರ ಡಿಸೆಂಬರ್‌ನ ಒಂದು ಸ್ಫೋಟ ಸುಮಾರು ಒಂದು ನಿಮಿಷ ಉರಿದೂ ಡಿಕ್ಕಿಯ ಗುರುತನ್ನೇ ಬಿಟ್ಟುಹೋಯಿತು.

ಮತ್ತೆ ನಮ್ಮ ಸೋರುವ ಉಪಕರಣಕ್ಕೆ. ಸ್ಫೋಟ ಕಂಡಾಗ ಅದು ಗಂಟೆ ಬಾರಿಸುವುದಿಲ್ಲ. ಪ್ರತಿ ಫೋಟಾನಿನ ವೇಳೆ, ಜಾಗ, ಶಕ್ತಿ ಬರೆದಿಡುತ್ತದೆ, ಅಷ್ಟೆ. ಆ ಕಡತ ಬೆಂಗಳೂರು ಹೊರವಲಯದ ಬ್ಯಾಲಾಳು ಕೇಂದ್ರದಲ್ಲಿ ಇಳಿದ ಮೇಲೆ ಹುಡುಕಾಟ. ಕಾಸ್ಮಿಕ್ ಕಿರಣ ಬಡಿದರೂ ಎಣಿಕೆ ಜಿಗಿಯುವುದರಿಂದ ಮೊದಲು ಜೊಳ್ಳು ತೂರಬೇಕು. ಕಿರಣ ದಾಟಿ ಬಂದ ಲೋಹವೆಲ್ಲ ಅದನ್ನು ಒಂದಿಷ್ಟು ನುಂಗಿರುವುದರಿಂದ, ಇಡೀ ಉಪಗ್ರಹವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಆ ನಷ್ಟವನ್ನು ತುಂಬಿಕೊಳ್ಳಬೇಕು.

ಕೆಲವು ಫೋಟಾನುಗಳು ಒಂದು ಪಿಕ್ಸೆಲ್‌ಗೆ ಬಡಿದು, ಚದುರಿ, ಪಕ್ಕದ್ದರಲ್ಲಿ ನಿಲ್ಲುತ್ತವೆ. ಯಾವ ದಿಕ್ಕಿಗೆ ಹೆಚ್ಚು ಚದುರಿದವು ಎಂದು ಎಣಿಸಿದರೆ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆಗಳು ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ ಎಂಬುದು ತಿಳಿಯುತ್ತದೆ. ಅದರಿಂದ ಸ್ಫೋಟದ ಕಾಂತಕ್ಷೇತ್ರದ ಸುಳಿವು. ಮೊದಲ ವರ್ಷದ 11 ಸ್ಫೋಟಗಳಲ್ಲಿ ಹಲವು ಬಲವಾಗಿ ಧ್ರುವೀಕರಣಗೊಂಡಂತೆ ಕಂಡಿದ್ದವು. 2022ರಲ್ಲಿ ಐದು ವರ್ಷದ 20 ಸ್ಫೋಟಗಳನ್ನು ಲೆಕ್ಕ ಹಾಕಿದಾಗ ಬಹುಪಾಲಿನಲ್ಲಿ ಅದು ಕಡಿಮೆಯೇ ಎಂದಾಯಿತು. ಮೊದಲ ಸುದ್ದಿಗೆ ಸಿಕ್ಕ ಜಾಗ ಎರಡನೆಯದಕ್ಕೆ ಪತ್ರಿಕೆಗಳಲ್ಲಿ ಸಿಗಲಿಲ್ಲ ಎಂಬುದು ನನ್ನ ತಕರಾರು.

ನನಗೆ ಹೆಚ್ಚು ಇಷ್ಟವಾದದ್ದು 2017ರ ಜನವರಿಯ ಪ್ರಸಂಗ. ಆ ತಿಂಗಳ 4ರಂದು ಕಪ್ಪುಕುಳಿಗಳ ವಿಲೀನದ ಗುರುತ್ವ ಅಲೆ ಸಿಕ್ಕಿತ್ತು. ಮರುದಿನ ಅದೇ ಸೀಮೆಯಲ್ಲಿ ಆರುತ್ತಿರುವ ಬೆಳಕೊಂದು ಕಂಡಿತು. ಎರಡಕ್ಕೂ ನಂಟಿದ್ದರೆ ದೊಡ್ಡ ಸುದ್ದಿಯೇ. ಸಿಝೆಡ್‌ಟಿಐ ಕಡತ ಬಿಚ್ಚಿದರೆ ಗುರುತ್ವ ಅಲೆಯ ಹೊತ್ತಿಗೆ ಏನೂ ಇಲ್ಲ. ಮರುದಿನ ಬೇರೆಯದೇ ಗಾಮಾ ಸ್ಫೋಟ, ಆ ಬೆಳಕು ಅದರ ಶೇಷ. ಇಲ್ಲ ಎಂದು ಖಚಿತವಾಗಿ ಹೇಳಬಲ್ಲ ಸಾಕ್ಷಿಯೂ ಬೇಕಲ್ಲ!

ಆಸ್ಟ್ರೋಸ್ಯಾಟ್ ಸುತ್ತುವ 650 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೇ ಆಕಾಶದ ಸುಮಾರು ಶೇ 30 ಭಾಗವನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಭೂಮಿಯ ಆಚೀಚೆ ಎರಡು ಉಪಗ್ರಹ ಇಡುವ 'ದಕ್ಷ' ಯೋಜನೆಯನ್ನು ನಮ್ಮ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಬೇರೆ ಕೆಲಸಕ್ಕೆ ಕಟ್ಟಿದ್ದೇ 600 ಹಿಡಿದಿರುವಾಗ, ಇದಕ್ಕೆಂದೇ ಕಟ್ಟಿದ ಜೋಡಿಗೆ ಹಣ ಕೇಳುವುದು ದುರಾಸೆಯೆಂದು ನನಗಂತೂ ತೋರುವುದಿಲ್ಲ.